ಗೇಟಿಗೆ ಇಳಿದವನು

"ಮೊದಲು ಈ ಹಗ್ಗ ಎಳಿ ಬರ್ಡಿ. ಆಮೇಲೆ ಬೇಕಾದ್ರೆ ನನ್ನ ಕೈಗೆ ಬೇಡಿ ಹಾಕಿಸು."

ಕ್ಲೆಮ್ ಹಾರ್ಗ್ರೋವ್‌ನ ಬಲಗೈ ಭುಜದ ತನಕ ಹಸುವಿನ ಹೊಟ್ಟೆಯೊಳಗಿತ್ತು. ಟೋಪಿ ಹುಲ್ಲಿನ ಪಿಂಡಿಯ ಮೇಲೆ ಬೋರಲಾಗದಂತೆ ಅಂಗಾತ ಇತ್ತು. ಬೋರಲಿಟ್ಟರೆ ಅದೃಷ್ಟ ಚೆಲ್ಲಿಹೋಗುತ್ತದೆ ಎಂಬುದು ನಮ್ಮ ದನದವರ ನಂಬಿಕೆ. ಇವನು ಕಳ್ಳನೋ ಅಲ್ಲವೋ ಎಂದು ವಿಚಾರಿಸಲು ಬಂದ ನಾನು ಕೋಟು ಬಿಚ್ಚಿ, ಕರುವಿನ ಮುಂಗಾಲಿಗೆ ಕಟ್ಟಿದ ಹಗ್ಗದ ತುದಿ ಹಿಡಿದೆ.

"ಅವಳು ತಿಣುಕಿದಾಗ ಎಳಿ. ಸುಮ್ನಿದ್ದಾಗ ಸುಮ್ನಿರು."

"ನನಗೆ ಹೇಳ್ಕೊಡಬೇಡ. ನಿನಗಿಂತ ಜಾಸ್ತಿ ಕರು ಎಳೆದಿದೀನಿ."

"ಎಳೆದಿರ್ತೀಯಾ. ಬದುಕಿದ್ದೆಷ್ಟು?"

ಅವನ ನಾಲಿಗೆ ಹಾಗೆಯೇ. ಹಸು ನರಳಿತು, ನಾವಿಬ್ಬರೂ ಹಿಮ್ಮಡಿ ಊರಿ ಎಳೆದೆವು. ಕರು ಒಮ್ಮೆಲೇ ಜಾರಿ ನನ್ನ ಮೊಣಕಾಲ ಮೇಲೆ ಬಿತ್ತು. ಕ್ಲೆಮ್ ಅದರ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದ. ಕರು ಸೀನಿತು, ತಲೆ ಕೊಡವಿತು. ಅವನು ಆ ಒದ್ದೆ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ, "ದೇವ್ರು ದೊಡ್ಡವನು," ಎಂದ. ಅಷ್ಟು ಒರಟನ ಬಾಯಲ್ಲಿ ಆ ಮಾತು!

ಆದರೆ ನಾನು ಬಂದದ್ದು ಕರು ನೋಡಲಿಕ್ಕಲ್ಲ. ಚಿತ್ರಗಾರ ಆರ್ವಿಲ್ ಹ್ಯಾಸ್ಕೆಟ್‌ನ ಕೊನೆಯ ಚಿತ್ರ ಗುರುವಾರ ಕಳುವಾಗಿತ್ತು. ಭಾನುವಾರ, ಊರವರೆಲ್ಲರ ಎದುರಿಗೆ, ಅದನ್ನು ಅವನು ಒಬ್ಬರ ಕೈಗೆ ಕೊಡಬೇಕಿತ್ತು.

ನಮ್ಮ ಬಿಗ್‌ಹಾರ್ನ್ ಬೆಟ್ಟದ ಈ ಮಗ್ಗುಲಿನಲ್ಲಿ ಆರ್ವಿಲ್‌ನ ಚಿತ್ರವಿಲ್ಲದ ಅಡುಗೆಮನೆ ಅಪರೂಪ. ದನದ ಮೇವು ಮಾರುವ ಅಂಗಡಿಯವರು ಪ್ರತಿವರ್ಷ ಹಂಚುವ ಕ್ಯಾಲೆಂಡರ್ ತುಂಬ ಅವನ ಕುದುರೆಗಳೇ. ಚಿಕ್ಕವನಿದ್ದಾಗ ದನ ಕಾಯುತ್ತಿದ್ದವನು ಅವನು. ಒಂದು ಚಳಿಗಾಲ ಬೆಟ್ಟದ ಮೇಲೆ ಕುದುರೆ ಅವನ ಮೈಮೇಲೆ ಬಿದ್ದು ಸೊಂಟ ಮುರಿಯಿತು. ಕಾವಲು ಗುಡಿಸಲಿನಲ್ಲಿ ಹಿಮದ ನಡುವೆ ಸಾಯಬೇಕಾದವನನ್ನು ಕುರಿ ಕಾಯಲು ಕಡಲಾಚೆಯಿಂದ ಬಂದ ಬಾಸ್ಕ್ ಜನರ ಹುಡುಗನೊಬ್ಬ ಕಾಪಾಡಿದ. ನೋವು ಮರೆಯಲೆಂದು ಒಲೆಯ ಇದ್ದಿಲೊಂದನ್ನು ಅವನ ಕೈಗೆ ಕೊಟ್ಟ. ಆರ್ವಿಲ್ ಮಲಗಿದಲ್ಲಿಂದಲೇ ಗುಡಿಸಲಿನ ಗೋಡೆಯ ಮೇಲೆ ಕುದುರೆ ಬರೆದ. ಅಲ್ಲಿಂದ ಮುಂದೆ ಅವನು ಕುದುರೆ ಹತ್ತಲಿಲ್ಲ, ಬರೆಯುವುದನ್ನು ಬಿಡಲಿಲ್ಲ.

ನಮ್ಮಲ್ಲಿ ದನದವರಿಗೂ ಕುರಿಯವರಿಗೂ ಹುಲ್ಲುಗಾವಲಿಗಾಗಿ ಹಳೆಯ ಹಗೆ, ಆದರೂ ಈ ಕಥೆಯನ್ನು ಅವನು ಎಲ್ಲಿ ಬೇಕಾದರೂ ಹೇಳುತ್ತಿದ್ದ. "ನನ್ನ ಜೀವ ಕೊಟ್ಟೋನೂ ಅವನೇ, ನನ್ನ ಕಸುಬು ಕೊಟ್ಟೋನೂ ಅವನೇ." ಆ ಹುಡುಗ ಬೆಟಿರಿ ಇರಿಗೋಯೆನ್. ಈಗ ಅವನಿಗೂ ಮುಪ್ಪು. ಆರ್ವಿಲ್‌ನ ಕಣ್ಣುಗಳಿಗೆ ಮಂಜು ಕವಿಯುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಆ ಗುಡಿಸಲಿನ ದಿನವನ್ನು ಬರೆದು ಬೆಟಿರಿಯ ಕೈಗಿಡಬೇಕು ಎಂಬುದೊಂದೇ ಹಂಬಲ. ಇನ್ನೊಂದು ಬರೆಯುವ ಶಕ್ತಿ ಆ ಕಣ್ಣುಗಳಿಗಿಲ್ಲ.

ಪೊಲೀಸಿನವರು ಇದ್ದರೂ ಅವನು ನನ್ನನ್ನು ಕರೆದ. ನನ್ನ ಕೆಲಸ ದನದ ಮುದ್ರೆ ಓದುವುದು. ದನ, ಕುದುರೆ ಕೈ ಬದಲಾಗುವಾಗ ಮೈಮೇಲಿನ ಬರೆಯನ್ನು ನೋಡಿ ಇದು ಇಂಥವರದೇ ಎಂದು ಹೇಳಬೇಕು. ಕದ್ದ ದನವನ್ನು ಹಿಡಿದುಕೊಟ್ಟಿದ್ದೇನೆ, ಚಿತ್ರವನ್ನಲ್ಲ. ಆದರೆ ನಮ್ಮಪ್ಪ ತೀರಿಕೊಂಡಾಗ, ಅವರ ಮುದಿ ಕುದುರೆಯ ಚಿತ್ರವೊಂದನ್ನು ಅಂಗೈಯಗಲ ಬರೆದು ತಂದು ಸ್ಮಶಾನದ ಬಾಗಿಲಲ್ಲಿ ನನ್ನ ಕೈಗಿತ್ತವನು ಆರ್ವಿಲ್. ಆ ಚಿತ್ರ ಇವತ್ತೂ ನನ್ನ ಪಿಕಪ್ಪಿನ ಬಿಸಿಲುತಡೆಗೆ ಸಿಕ್ಕಿಸಿದೆ. ಅವನು ಕರೆದರೆ ನಾನು ಹೋಗದೆ ಇರುವುದುಂಟೇ?

ಕ್ಲೆಮ್ ಬಕೆಟಿನ ನೀರಲ್ಲಿ ಕೈ ತೊಳೆಯುತ್ತ, "ಹೂಂ, ಶುರು ಮಾಡು," ಎಂದ.

"ಗುರುವಾರ ಮಧ್ಯಾಹ್ನ ಎಲ್ಲಿದ್ದೆ?"

"ಇಲ್ಲೇ. ಹಸುಗಳ ಹಿಂಭಾಗ ನೋಡ್ತಾ ಕೂತಿದ್ದೆ. ನಿನ್ನ ಮುಖ ನೋಡೋದಕ್ಕಿಂತ ವಾಸಿ."

"ಕಾಫಿ ಅಂಗಡೀಲಿ ಏನಂದಿದ್ದೆ? 'ನಮ್ಮ ದನದವರ ಚಿತ್ರಗಾರ ಕೊನೇಗೆ ಕುರಿಯೋನನ್ನ ಬರೀತಾನಂತೆ, ನನ್ನ ಕೈಗೆ ಸಿಕ್ರೆ ಒಲೆಗೆ ಹಾಕ್ತೀನಿ' ಅಂದಿದ್ದೆ. ಎಲ್ಲರೂ ಕೇಳಿದಾರೆ."

"ಅಂದಿದ್ದೆ. ಬಾಯಿಗೆ ಬಂದಿದ್ದೆಲ್ಲ ಮಾಡಿದ್ರೆ ನಾನು ಯಾವತ್ತೋ ರಾಜ್ಯಪಾಲ ಆಗಿರ್ತಿದ್ದೆ." ಅವನು ಟವೆಲ್ ಹಿಂಡಿದ. "ಆ ಗ್ಯಾಲರಿಯವನನ್ನ ಹಿಡಿ, ಹೋಗು. ಆ ಚಿತ್ರ ಹೊರಗೆ ಬರಬಾರದು ಅಂತ ಕುಣೀತಿದ್ದೋನು ಅವನು."

ಪೊಲೀಸಿನವರಿಗೂ ಅದೇ ಅನುಮಾನ. ಪೇಟೆಯ ಗ್ಯಾಲರಿಯ ಪ್ರೆಸ್ಟನ್ ವೇಲ್‌ನ ಗಿರಾಕಿಗಳಿಗೆ ಬೇಕಾದದ್ದು ಕುದುರೆ, ಧೂಳು, ಹಗ್ಗ. ಹ್ಯಾಸ್ಕೆಟ್ ಕುರಿ ಬರೆದ ಎಂದರೆ ಅವನ ಪಾಲಿಗೆ ಮಾನ ಹೋದಂತೆ. ಗುರುವಾರ ಆರ್ವಿಲ್ ಕಣ್ಣಿನ ಡಾಕ್ಟರ ಬಳಿಗೆ ಹೋಗಿದ್ದಾಗ ಯಾರೋ ಹಿಂದಿನ ದಾರಿಯಿಂದ ಬಂದು ಚಿತ್ರ ಒಯ್ದಿದ್ದರು.

"ವೇಲ್ ಅಲ್ಲ," ಎಂದೆ. "ಆ ದಾರೀಲಿ ತಂತಿ ಗೇಟು ಇದೆ. ಬಂದೋರು ಅದನ್ನ ತೆಗೆದು ಒಳಗೆ ಬಂದಿದಾರೆ, ಮತ್ತೆ ಮುಚ್ಚಿದಾರೆ. ಹೋಗೋವಾಗ ಮತ್ತೆ ತೆಗೆದು ಮತ್ತೆ ಮುಚ್ಚಿದಾರೆ. ಕದಿಯೋಕೆ ಬಂದ ಪೇಟೆಯೋನು ಗೇಟು ಮುಚ್ಕೊಂಡು ಹೋಗ್ತಾನಾ?"

ಕ್ಲೆಮ್ ಟವೆಲನ್ನು ಮೊಳೆಗೆ ನೇತುಹಾಕಿದ. ಗೇಟನ್ನು ಹೇಗೆ ಕಂಡೆಯೋ ಹಾಗೆಯೇ ಬಿಡು ಎಂಬುದನ್ನು ನಮ್ಮ ಕಡೆ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಕಲಿಸುತ್ತಾರೆ. ಮನೆಗೆ ಬೆಂಕಿ ಬಿದ್ದರೂ ಗೇಟು ಮುಚ್ಚಿಯೇ ಓಡುವವರು ನಾವು.

"ಇನ್ನೂ ಒಂದಿದೆ. ಹಿಮ ಕರಗಿ ಕೆಸರಾಗಿದೆಯಲ್ಲ, ಹೆಜ್ಜೆ ಅಚ್ಚೊತ್ತಿವೆ. ಎಲ್ಲಾ ಹೆಜ್ಜೆನೂ ಗಾಡಿಯ ಬಲಬಾಗಿಲಿಂದ ಇಳಿದು ಬಲಬಾಗಿಲಿಗೇ ಹತ್ತಿವೆ. ಎಡಗಡೆ ಒಂದು ಹೆಜ್ಜೆನೂ ಇಲ್ಲ."

ಇದನ್ನು ಬಿಡಿಸಿ ಹೇಳುವ ಅಗತ್ಯ ನಮ್ಮಿಬ್ಬರಿಗೂ ಇರಲಿಲ್ಲ. ನಮ್ಮ ಗಾಡಿಗಳಲ್ಲಿ ಓಡಿಸುವವನ ಸೀಟು ಎಡಗಡೆ, ಅವನು ಗೇಟಿಗೆ ಇಳಿಯುವುದಿಲ್ಲ. ಪಕ್ಕದಲ್ಲಿ ಕೂತವರು ಇಳಿಯಬೇಕು. ಅತ್ತೆಯಾಗಲಿ, ಪಾದ್ರಿಯಾಗಲಿ, ಮದುಮಗಳಾಗಲಿ, ಪಕ್ಕದ ಸೀಟಿನಲ್ಲಿ ಕೂತಮೇಲೆ ಗೇಟು ಅವರ ಪಾಲಿನದು.

"ಇಬ್ಬರು ಬಂದಿದ್ರು ಕ್ಲೆಮ್. ಗಾಡಿ ನಿಂದು. ಬಲಗಡೆ ಹಿಂದಿನ ಚಕ್ರಕ್ಕೆ ಬೇರೆ ಜಾತಿ ಟೈರು ಹಾಕಿದೀಯ. ಸಂತೆಗೆ ದನ ತರೋವಾಗೆಲ್ಲ ನೋಡ್ತೀನಿ, ನೋಡಿ ನಗ್ತೀನಿ. ಅದರ ಗುರುತು ಆ ಕೆಸರಲ್ಲಿ ಹಾಗೇ ಕೂತಿದೆ."

ಅವನ ಮುಖ ಕೆಂಪಗಾಯಿತು. "ಹೌದು, ನಾನೇ ಓಡ್ಸಿದ್ದು. ಬರ್ಕೋ. ನಾನೊಬ್ಬನೇ."

"ಒಬ್ಬನೇ ಆಗಿದ್ರೆ ಗೇಟು ತೆಗೆದಿದ್ದು ನಿನ್ನ ನಾಯಿನಾ?"

"ಬರ್ಡಿ, ಹೇಳ್ತೀನಿ ಕೇಳು. ನನ್ನ ಹೆಸರು ಬರ್ಕೋ, ಸಾಕು. ಇನ್ನೊಬ್ಬರನ್ನ ಕೆದಕಬೇಡ. ನಿನ್ನ ದಮ್ಮಯ್ಯ."

ಕ್ಲೆಮ್ ಹಾರ್ಗ್ರೋವ್ ದಮ್ಮಯ್ಯ ಎಂದದ್ದನ್ನು ನಾನು ಹುಟ್ಟಿದಾಗಿಂದ ಕೇಳಿರಲಿಲ್ಲ. ಆಗಲೇ ಆ ಗೇಟಿನ ಇನ್ನೊಂದು ಸಂಗತಿ ತಲೆಗೆ ಬಂತು. ಗೇಟಿನ ಕೆಳತಂತಿಯ ಅಡಿಯಲ್ಲಿ ಯಾರೋ ಸೇಜ್ ಎಂಬ ಕುರುಚಲು ಪೊದೆಯ ಎರಡು ಕೊಂಬೆ ಮುರಿದು ಒತ್ತಾಗಿ ತುರುಕಿದ್ದರು. ಗಾಳಿಗೆ ಬಂದು ಸಿಕ್ಕಿಕೊಂಡಿರಬೇಕು ಎಂದು ನಾನು ದಾಟಿ ಬಂದಿದ್ದೆ. ಎಂಥ ಪೆದ್ದಿ ನಾನು! ಹಸು ಅಷ್ಟು ಕೆಳಗೆ ನುಸುಳುತ್ತದೆಯೇ? ಆ ಸಂದಿಯಲ್ಲಿ ನುಸುಳುವುದು ಕುರಿಮರಿ. ಬದುಕಿಡೀ ಕುರಿ ಕಾಯ್ದವನ ಕೈ ಮಾತ್ರ, ಕುರಿಯೇ ಇಲ್ಲದ ಹೊಲದಲ್ಲೂ, ತಾನಾಗಿ ಹೋಗಿ ಆ ಸಂದಿ ಮುಚ್ಚುತ್ತದೆ.

"ಬೆಟಿರಿ," ಎಂದೆ.

"ಇಲ್ಲಿದೀನಿ ಮಗಳೇ," ಎಂದಿತು ಹಿಂದಿನಿಂದ ಒಂದು ಧ್ವನಿ.

ಜೀನು ಲಗಾಮು ಇಡುವ ಕೋಣೆಯ ಬಾಗಿಲಲ್ಲಿ ಬೆಟಿರಿ ನಿಂತಿದ್ದ. ಬಾಸ್ಕ್ ಜನರ ಕಪ್ಪು ಚಪ್ಪಟೆ ಟೋಪಿ, ಗುಂಡಿ ತಪ್ಪಿ ಹಾಕಿದ ಸ್ವೆಟರು. ಕಾಣಿಕೆ ಯಾರಿಗೆ ಸಲ್ಲಬೇಕಿತ್ತೋ ಅವನೇ ಅದನ್ನು ಕದ್ದಿದ್ದ!

"ಇವನನ್ನ ಬೈಬೇಡ," ಎಂದ. "ನನಗೆ ಗಾಡಿ ಓಡ್ಸೋಕೆ ಬರಲ್ಲ. ಕೇಳ್ದೆ, ಕರ್ಕೊಂಡು ಹೋದ. ಯಾಕೆ ಅಂತ ಕೂಡ ಕೇಳ್ಲಿಲ್ಲ."

ನಾನು ಕ್ಲೆಮ್ ಕಡೆ ತಿರುಗಿದೆ. "ಕುರಿಯವರನ್ನ ಕಂಡ್ರೆ ಉಗೀತೀನಿ ಅಂತಿದ್ದೆ?"

ಕ್ಲೆಮ್ ಕರುವಿನ ಬೆನ್ನು ಉಜ್ಜತೊಡಗಿದ, ತಲೆ ಎತ್ತಲಿಲ್ಲ. "ಆ ವಸಂತದ ಹಿಮಗಾಳಿ ನೆನಪಿದೆಯಾ? ಮರುದಿನ ನನ್ನ ಕರುಗಳೆಲ್ಲ ಸತ್ತಿರ್ತವೆ ಅಂತ ಸಲಿಕೆ ತಗೊಂಡು ಹೊರಟೆ. ಇವನು ಅಷ್ಟನ್ನೂ ತನ್ನ ಕುರಿದೊಡ್ಡೀಲಿ ಸೇರ್ಸಿ, ಕುರಿಗಳ ಮಧ್ಯೆ ಬೆಚ್ಚಗೆ ಮಲಗ್ಸಿದ್ದ. ಹಾರ್ಗ್ರೋವ್ ದನ ಕುರಿ ಕಂಬಳಿ ಹೊದ್ದು ಬದುಕ್ತು ಅಂತ ಕಾಫಿ ಅಂಗಡೀಲಿ ಹೇಳೋಕಾಗುತ್ತಾ? ಹೇಳ್ಲಿಲ್ಲ. ಆದ್ರೆ ಮರೆತಿಲ್ಲ."

ಅವನ ಮೇಲಿನ ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಆದರೆ ಬೆಟಿರಿಯ ಮೇಲಿನದು ಇಳಿಯಲಿಲ್ಲ.

"ನೀವು ಮಾಡಿದ್ದು ಸರಿನಾ? ಆ ಮನುಷ್ಯ ಎರಡು ದಿನದಿಂದ ಊಟ ಬಿಟ್ಟು ಕೂತಿದಾರೆ. ಕಣ್ಣಿನ ಕೊನೇ ಬೆಳಕನ್ನೆಲ್ಲ ಅದಕ್ಕೆ ಸುರಿದಿದಾರೆ. ನಿಮಗೋಸ್ಕರ! ಥ್ಯಾಂಕ್ಸ್ ಹೇಳೋಕೆ ಬಂದೋರ ಕೈಯಿಂದ ಕಿತ್ಕೊಂಡು ಓಡೋದಾ?"

ಬೆಟಿರಿಯ ಕಣ್ಣು ತುಂಬಿತು. "ಅದು ನಂದಲ್ಲ ಮಗಳೇ."

"ಅಂದ್ರೆ?"

"ಅವನನ್ನ ಬದುಕ್ಸಿದ್ದು ನಾನಲ್ಲ."

ಹಿಂದೆ ಹಸು ಕರುವನ್ನು ನೆಕ್ಕತೊಡಗಿತ್ತು.

"ನಾನು ಆ ಗುಡಿಸಲಿಗೆ ಹೋದಾಗ ಒಲೆ ಇನ್ನೂ ಬಿಸಿ ಇತ್ತು," ಎಂದ ಬೆಟಿರಿ. "ಸೊಂಟಕ್ಕೆ ಹಲಗೆ ಕಟ್ಟಿ ಆಗಿತ್ತು. ತಲೆ ಹತ್ರ ಪಾತ್ರೇಲಿ ಮಾಂಸದ ಸಾರಿತ್ತು. ಗೋಡೆ ತುಂಬ ಇದ್ದಿಲಲ್ಲಿ ಬರ್ದ ಕುದುರೆಗಳಿದ್ವು. ಎಷ್ಟೋ ದಿನದಿಂದ ಯಾರೋ ಅವನನ್ನ ನೋಡ್ಕೊಂಡಿದ್ರು. ಹೊರಗೆ ಹಿಮದಲ್ಲಿ ಒಂದೇ ಕುದುರೆಯ ಗೊರಸಿನ ಗುರುತು, ಆಗಷ್ಟೇ ಇಳಿದು ಹೋಗಿತ್ತು. ನಾನು ಮಾಡಿದ್ದೇನು? ನನ್ನ ಬಂಡೀಲಿ ಹಾಕ್ಕೊಂಡು ಆಸ್ಪತ್ರೆಗೆ ಸಾಗಿಸ್ದೆ. ಜ್ವರದ ಮಂಪರಲ್ಲೇ ಬರೀತಿದ್ದೋನಿಗೆ ಪೂರ್ತಿ ಜ್ಞಾನ ಬಂದಾಗ ಎದುರಿಗಿದ್ದೋನು ನಾನು. ಅಷ್ಟೇ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳ್ಲಿಲ್ವಾ! ಹೇಳ್ದಾಗೆಲ್ಲ 'ನೋಡಿ ಇವನ ದೊಡ್ಡತನ' ಅಂತ ತಬ್ಕೋತಾನೆ. ಇನ್ನೂ ಗಟ್ಟಿಯಾಗಿ ಹೇಳಿದ್ರೆ ಅಳ್ತಾನೆ. ಪ್ರತಿ ಕ್ರಿಸ್‌ಮಸ್‌ಗೂ ಒಂದು ಚಿತ್ರ ಕಳಿಸ್ತಾನೆ. ನಾನು ವಾಸ ಮಾಡೋ ಬಂಡೀಲಿ ಟೋಪಿ ನೇತುಹಾಕೋಕೆ ಜಾಗ ಇಲ್ಲ." ಅವನು ಅಳುತ್ತಲೇ ನಕ್ಕ. "ಚಿಕ್ಕ ಚಿತ್ರ ಆದ್ರೆ ತಗೋಬಹುದು. ಇದು ಅವನ ಕೊನೇದು. ಇನ್ನೊಬ್ಬರಿಗೆ ಸೇರ್ಬೇಕಾದ್ದನ್ನ ಊರೆದುರಿಗೆ ಹೇಗೆ ಕೈಚಾಚಿ ತಗೊಳ್ಲಿ? ಕಾಪಾಡ್ದೋರು ಯಾರೋ, ಬದುಕಿದಾರೋ ಇಲ್ವೋ, ಒಂದು ಸಲ ಹುಡುಕ್ಬೇಡ್ವಾ?"

"ಹುಡುಕೋದು ಹೇಗೆ?"

"ಚಿತ್ರದಲ್ಲೇ ಇದೆ. ಹೋದ ತಿಂಗಳು ಕೈ ಬರೀಬೇಕು ಅಂತ ನನ್ನನ್ನ ಕರೆದು ಕೂರ್ಸಿದ್ದ. ಹಿಡ್ಕೊಂಡು ನೋಡಿ, 'ನನಗೆ ನೆನಪಿರೋ ಕೈ ಇನ್ನೂ ಸಣ್ಣದು ಬೆಟಿರಿ, ವಯಸ್ಸಾದ್ರೆ ಕೈ ದೊಡ್ಡದಾಗುತ್ತಾ?' ಅಂತ ಕೇಳ್ದ. ಆಗ ಚಿತ್ರ ನೋಡ್ದೆ. ಬಾ, ನೀನೂ ನೋಡು."

ಕೋಣೆಯೊಳಗೆ, ಜೀನಿನ ಕಂಬಳಿ ಹೊದ್ದ ಚಿತ್ರ ಗೋಡೆಗೆ ಒರಗಿತ್ತು. ಕ್ಲೆಮ್ ಕಂಬಳಿ ಸರಿಸಿದ.

ಅಬ್ಬಾ! ಆರ್ವಿಲ್‌ನ ಚಿತ್ರ ನೋಡುತ್ತಲೇ ಬೆಳೆದವಳು ನಾನು, ಆದರೂ ಇಂಥದ್ದನ್ನು ಕಂಡಿರಲಿಲ್ಲ. ಗುಡಿಸಲಿನ ಒಳಗಿನಿಂದ ಕಂಡ ನೋಟ. ಒಲೆಯ ಕೆಂಪು ಬೆಳಕು. ಇದ್ದಿಲು ನೀಡುತ್ತಿರುವ ಒಂದು ಕೈ. ಮುಖ ಟೋಪಿ, ಮಫ್ಲರಿನ ನೆರಳಲ್ಲಿ ಮರೆಯಾಗಿತ್ತು. ತೆರೆದ ಬಾಗಿಲಾಚೆ ದೂರದ ಹಿಮದಲ್ಲಿ ಕುರಿಗಳು, ಬೆಟಿರಿಯ ಬಂಡಿ. ಬಾಗಿಲ ಹತ್ತಿರವೇ, ಜೀನು ಹಾಕಿ ಹೊರಡಲು ನಿಂತ ಒಂದು ಕಂದು ಕುದುರೆ. ಸಾಯುವ ಹೊತ್ತಿನಲ್ಲೂ ಕಣ್ಣು ತೆರೆದು ನೋಡಿದವನು ಮಾತ್ರ ಹೀಗೆ ಬರೆಯಬಲ್ಲ. ಇಡೀ ಚಿತ್ರ ಒಂದೇ ಮಾತು ಹೇಳುತ್ತಿತ್ತು, ನಾನು ಬದುಕಿದೆ, ನಿನ್ನಿಂದ.

"ಕುರಿ ಕಾಯೋನ ಹತ್ರ ಜೀನಿನ ಕುದುರೆ ಎಲ್ಲಿಂದ ಬರುತ್ತೆ?" ಎಂದ ಬೆಟಿರಿ. "ನಾನು ನಡೆದು ಕುರಿ ಕಾದೋನು. ಬಂಡಿ ಎಳೆಯೋ ಜೋಡಿ ಬಿಟ್ರೆ ನನಗೆ ಕುದುರೆ ಇರ್ಲಿಲ್ಲ. ಆದ್ರೆ ಆರ್ವಿಲ್ ಇಲ್ಲದ್ದನ್ನ ಬರೆಯೋನಲ್ಲ. ಕಂಡಿದಾನೆ, ಬರ್ದಿದಾನೆ. ಮುದ್ರೆನೂ ಬರ್ದಿದಾನೆ."

ಅದು ಆರ್ವಿಲ್‌ನ ಹಠ. ಅವನ ಚಿತ್ರದಲ್ಲಿ ಮುದ್ರೆಯಿಲ್ಲದ ಪ್ರಾಣಿ ಇರುವುದಿಲ್ಲ. ಯಾರ ಕುದುರೆಯೋ ಅವರದೇ ಮುದ್ರೆ, ಯಾವ ಮಗ್ಗುಲಿನಲ್ಲಿ ಕಂಡನೋ ಅದೇ ಮಗ್ಗುಲಿನಲ್ಲಿ. "ಅವರ ಪ್ರಾಣಿ ನನಗೆ ಅನ್ನ ಹಾಕ್ತಿದೆ, ಹೆಸರಾದ್ರೂ ಇರ್ಲಿ," ಎನ್ನುತ್ತಿದ್ದ.

"ನನಗೆ ಈ ಮುದ್ರೆ ಗೊತ್ತಾಗ್ಲಿಲ್ಲ," ಎಂದ ಕ್ಲೆಮ್. "ಈ ಸುತ್ತಿನದೆಲ್ಲ ನನಗೆ ಬಾಯಿಪಾಠ. ಇದು ಹಳೇದು, ರದ್ದಾಗಿರೋದು. ನಿನ್ನ ಹತ್ರ ತರೋಣ ಅಂತ ಬೆಟಿರಿ ಅಂದ. ಕದ್ದ ಮಾಲು ಹಿಡ್ಕೊಂಡು ಮುದ್ರೆಯವಳ ಹತ್ರ ಹೋಗೋದಾ ಅಂತ ನನಗೇ ದಿಗಿಲಾಯ್ತು."

"ಆರ್ವಿಲ್‌ಗೂ ಬೆಳಗ್ಗೆ ಫೋನ್ ಮಾಡ್ಸಿದೀನಿ, ಚಿತ್ರ ಸಿಕ್ಕಿದೆ, ಮಧ್ಯಾಹ್ನ ಬಾ ಅಂತ," ಎಂದ ಬೆಟಿರಿ. "ಇನ್ನು ಮುಚ್ಚಿಡೋಕೆ ನನ್ನ ಕೈಲಾಗಲ್ಲ. ಅವನು ಬರೋದ್ರೊಳಗೆ ಓದು ಮಗಳೇ. ಯಾರು ಅಂತ ಹೇಳು. ಅವನ ಕಣ್ಣಿರೋದ್ರೊಳಗೆ ಆ ಥ್ಯಾಂಕ್ಸ್ ಸರಿಯಾದ ಮನೆ ಸೇರ್ಲಿ."

ನಾನು ಮಂಡಿಯೂರಿ ಕೂತೆ. ಕುದುರೆಯ ಎಡಭುಜದ ಮೇಲೆ ಕುಂಚದ ತುದಿಯಲ್ಲಿ ಬರೆದ ಪುಟ್ಟ ಗುರುತು. ಮಲಗಿದ ಅರ್ಧಚಂದ್ರ. ಅದರ ಕೆಳಗೆ ಒಂದು ಅಡ್ಡಗೆರೆ.

ಓದಲು ನನಗೆ ಯಾವ ಪುಸ್ತಕವೂ ಬೇಕಿರಲಿಲ್ಲ.

ಆ ಅರ್ಧಚಂದ್ರವನ್ನು ನಾನು ಅಂದು ಬೆಳಗ್ಗೆ ಕಾಫಿ ಕುಡಿಯುತ್ತ ನೋಡಿದ್ದೆ. ನಮ್ಮಮ್ಮ ಹಿಲ್ಡಾ ಒಲೆ ಕೆದಕುವುದು ಒಂದು ಹಳೆಯ ಬರೆಗಬ್ಬಿಣದಿಂದ. ಅದರ ತುದಿಯಲ್ಲಿರುವುದು ಇದೇ ಚಂದ್ರ, ಇದೇ ಗೆರೆ. ಚಿಕ್ಕಂದಿನಲ್ಲಿ ಕೇಳಿದಾಗ, "ಯಾವುದೋ ಹರಾಜಲ್ಲಿ ಬಂತು," ಎಂದಿದ್ದಳು. ನಾನು ನಂಬಿದ್ದೆ. ಊರಲ್ಲೆಲ್ಲ ತೂಗುವ ಆರ್ವಿಲ್‌ನ ಕ್ಯಾಲೆಂಡರ್ ನಮ್ಮ ಮನೆಯಲ್ಲಿ ಮಾತ್ರ ತೂಗಲಿಲ್ಲ. ಅಂಗಡಿಯವರು ಕೊಟ್ಟದ್ದನ್ನು ಅಮ್ಮ ಪ್ರತಿವರ್ಷ ಹಿಂದಿರುಗಿಸುತ್ತಿದ್ದಳು. ಇವತ್ತು ನಾನು ಹೊರಟಾಗಲೂ ಆ ಕಬ್ಬಿಣ ಕೈಯಲ್ಲಿ ಹಿಡಿದೇ, "ಹೋದ್ರೆ ಹೋಗ್ಲಿ ಬಿಡೇ. ಒಂದು ಚಿತ್ರ ಕಡಿಮೆ ಆದ್ರೆ ಗೋಡೆ ಬೀಳಲ್ಲ," ಎಂದಿದ್ದಳು.

"ಗೊತ್ತಾಯ್ತಾ?" ಎಂದ ಬೆಟಿರಿ.

ನಾನು ಎದ್ದೆ. ದನದ ಡಾಕ್ಟರನ್ನು ಕರೆಯಲೆಂದು ಕೊಟ್ಟಿಗೆಯ ಗೋಡೆಗೆ ಹಾಕಿಸಿದ್ದ ಫೋನು ಆ ಕೋಣೆಯಲ್ಲೇ ಇತ್ತು. ಮನೆಯ ನಂಬರು ತಿರುಗಿಸಿದೆ. ನಿಜ ಹೇಳುತ್ತೇನೆ, ಎದೆಯೊಳಗೆ ಏನೋ ಹಿಗ್ಗು ಉಕ್ಕುತ್ತಿತ್ತು. ಊರಿಗೆಲ್ಲ ಆರ್ವಿಲ್‌ನನ್ನು ಕೊಟ್ಟವಳು ನನ್ನಮ್ಮನೇ! ಆ ಕ್ಯಾಲೆಂಡರ್‌ಗಳೆಲ್ಲ, ಅಪ್ಪನ ಕುದುರೆಯ ಆ ಪುಟ್ಟ ಚಿತ್ರ ಕೂಡ, ನಮ್ಮಮ್ಮ ಕೊಟ್ಟ ಇದ್ದಿಲಿನಿಂದ ಹುಟ್ಟಿದ್ದು!

"ಸಿಕ್ತೇನೇ?" ಎಂದಳು ಅಮ್ಮ, ನಾನು ಹಲೋ ಎನ್ನುವ ಮೊದಲೇ.

"ಸಿಕ್ತಮ್ಮ."

ಆ ಕಡೆ ಒಲೆಯ ಬಾಗಿಲು ಮುಚ್ಚಿದ ಸದ್ದಾಯಿತು.

"ಹಿಂದಿನ ಎಡಗಾಲು ಒಂದೇ ಬಿಳಿ," ಎಂದಳು. "ಸರಿಯಾಗಿ ಹಾಕಿದಾನಾ?"

ಕುದುರೆಯ ವಿಷಯ ನಾನು ಎತ್ತಿಯೇ ಇರಲಿಲ್ಲ. ಚಿತ್ರದ ಕಡೆ ನೋಡಿದೆ. ಕಂದು ಕುದುರೆ, ಹಿಂದಿನ ಎಡಗಾಲು ಮಾತ್ರ ಹಿಮದಷ್ಟೇ ಬಿಳಿ.

"ಹಾಕಿದಾರೆ."

"ಹಾಗಾದ್ರೆ ಕಣ್ಣು ಬಿಟ್ಟಿದ್ದ ಅವನು." ಅಮ್ಮನ ಧ್ವನಿ ಬತ್ತಿಹೋಗಿತ್ತು. "ನಾನು ಹೊರಟಾಗ."

"ಅಮ್ಮ, ಯಾಕೆ ಮುಚ್ಚಿಟ್ಟೆ? ಅವರು ಐವತ್ತು ವರ್ಷದಿಂದ ಥ್ಯಾಂಕ್ಸ್ ಹೇಳ್ಬೇಕು ಅಂತ ಒದ್ದಾಡ್ತಿದಾರೆ. ಈಗಲಾದ್ರೂ ಬಾ. ಭಾನುವಾರ ಬಂದು ನಿನ್ನ ಕೈಯಾರೆ ತಗೋ."

"ಥ್ಯಾಂಕ್ಸಾ?" ಅಮ್ಮ ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಮೊದಲು ಇದನ್ನ ಕೇಳು ಅವನನ್ನ. ಕುದುರೆ ಅವನ ಮೇಲೆ ಬಿತ್ತು ಅಂತಾನಲ್ಲ, ಅದನ್ನ ಬೀಳ್ಸಿದೋಳು ಯಾರು ಅಂತ ಗೊತ್ತಾದ ಮೇಲೂ ಥ್ಯಾಂಕ್ಸ್ ಹೇಳ್ತಾನಾ, ಕೇಳು."

ಫೋನು ಕಟ್ಟಾಯಿತು.

ಕಿಟಕಿಯಾಚೆ ಗೇಟಿನ ಬಳಿ ಒಂದು ಗಾಡಿ ಬಂದು ನಿಂತಿತು. ಓಡಿಸುತ್ತಿದ್ದವಳು ಆರ್ವಿಲ್‌ನ ಮಗಳು. ಬಲಬಾಗಿಲು ತೆರೆದು, ಕೋಲೂರುತ್ತ ಅವನೇ ಇಳಿದ. ಕಣ್ಣು ಸರಿಯಾಗಿ ಕಾಣದಿದ್ದರೂ ಗೇಟು ಅವನ ಪಾಲಿನದು. ತಡವರಿಸಿ ಕೊಂಡಿ ಬಿಚ್ಚಿದ, ಗಾಡಿ ಒಳಗೆ ಬರುವ ತನಕ ನಿಂತ, ಮತ್ತೆ ಎಳೆದು ಮುಚ್ಚಿದ. ಆಮೇಲೆ, ನನ್ನ ಪಿಕಪ್ಪು ನಿಂತಿದೆ ಎಂದು ಮಗಳು ಹೇಳಿದೊಡನೆ, ನಮ್ಮ ಕಡೆ ಮುಖ ಮಾಡಿ, ಯಾರೂ ಸರಿಯಾಗಿ ಕಾಣದೆಯೇ, ಮಗುವಿನಂತೆ ನಕ್ಕ.

"ಬರ್ಡೀ! ಸಿಕ್ತಂತಲ್ಲೇ! ನೀನು ನೂರು ವರ್ಷ ಬಾಳು ತಾಯಿ! ಯಾರಿಗೆ ಥ್ಯಾಂಕ್ಸ್ ಹೇಳ್ಲಿ, ಬೇಗ ಹೇಳು!"

ನನ್ನ ಕೈಯಲ್ಲಿ ಫೋನು ಹಾಗೆಯೇ ಇತ್ತು.